ನಾಗವಲ್ಲಿಯ ತೆಲುಗು: ಆದೋನಿ ಸೀಮೆಯಿಂದ ‘ಆಪ್ತಮಿತ್ರ’

ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ (2004) ಚಿತ್ರದಲ್ಲಿ ರೋಗ ಬಯಲಾಗುವ ಗಳಿಗೆಯೆಂದರೆ ಹೆಂಡತಿಯ ನುಡಿ ಬದಲಾಗುವ ಗಳಿಗೆ. ಹೊರಗೆ ಹೋಗಕೂಡದೆಂದು ಗಂಡ ತಡೆಯುತ್ತಾನೆ. ಅದುವರೆಗೆ ಸೌಮ್ಯಳಾಗಿದ್ದ ಗಂಗಾಳ ಕಣ್ಣು ಕೆರಳುತ್ತದೆ, ದನಿ ಗಡುಸಾಗುತ್ತದೆ, ಕನ್ನಡ ಹೋಗಿ ತೆಲುಗು ಬರುತ್ತದೆ. ಮನೋವೈದ್ಯ ವಿಜಯ್ ಮುಂದಾಗಿಯೇ ಹೂಡಿದ ಪರೀಕ್ಷೆ ಅದು. ಪ್ರೇಕ್ಷಕ ಬೆಚ್ಚುವುದು ಕಣ್ಣಿಗೋ, ದನಿಗೋ, ಭಾಷೆಗೋ? ಮೂರೂ ಒಟ್ಟಿಗೇ ಬರುವುದರಿಂದ ಈ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಆದೋನಿ, ಆಲೂರು, ಕೌತಾಳಂ, ಹೊಳಗುಂದ ಕಡೆಯ ಕನ್ನಡ ಮನೆಗಳಿಂದ ನೋಡಿದರೆ ಏಳುತ್ತದೆ. ಅಲ್ಲಿ ಮಾತಿನ ನಡುವೆ ತೆಲುಗಿಗೆ ಹೊರಳುವುದು ರೋಗಲಕ್ಷಣವಲ್ಲ. ಹತ್ತಿ ಮಾರಲು, ಕಚೇರಿಯಲ್ಲಿ ಅರ್ಜಿ ಕೊಡಲು, ನೆರೆಮನೆಯವರನ್ನು ವಿಚಾರಿಸಲು ಬೇಕಾದ ದಿನನಿತ್ಯದ ರೂಢಿ.

ಕಥೆ ಎಲ್ಲರಿಗೂ ಗೊತ್ತಿರುವುದೇ. ರಾಜನೊಬ್ಬ ತೆಲುಗು ನಾಡಿನಿಂದ ಕರೆತಂದ ನರ್ತಕಿ ನಾಗವಲ್ಲಿ. ಅವಳು ಸತ್ತ ಮನೆಗೆ ಬಹುಕಾಲದ ನಂತರ ಬಂದು ನೆಲಸುವ ದಂಪತಿ. ನಾಗವಲ್ಲಿಯೇ ತಾನೆಂದು ನಂಬತೊಡಗುವ ಗಂಗಾ. ಮೂಲ ಚಿತ್ರವಾದ ಫಾಜಿಲ್ ಅವರ ಮಲಯಾಳಂ ‘ಮಣಿಚಿತ್ರತ್ತಾಳ್’ (1993) ನಲ್ಲಿ ನರ್ತಕಿ ತಂಜಾವೂರಿನವಳು, ಆಡುವುದು ತಮಿಳು. ಕನ್ನಡಕ್ಕೆ ಬಂದಾಗ ಅವಳ ನುಡಿ ತೆಲುಗಾಯಿತು. ವಾಸು ಅವರೇ ತಮಿಳಿನಲ್ಲಿ ಮಾಡಿದ ‘ಚಂದ್ರಮುಖಿ’ (2005) ಯಲ್ಲೂ ತೆಲುಗೇ ಉಳಿಯಿತು. ಹಿಂದಿಯ ‘ಭೂಲ್ ಭುಲಯ್ಯಾ’ (2007) ದಲ್ಲಿ ಬಂಗಾಳಿ. ನಟರು, ಊರು, ಹಾಡು ಎಲ್ಲವೂ ಬದಲಾದರೂ ಒಂದು ಸೂತ್ರ ಮಾತ್ರ ಕದಲಲಿಲ್ಲ: ಮನೆಯ ಭಾಷೆ ಸ್ವಸ್ಥ, ಪಕ್ಕದವರ ಭಾಷೆ ಅಸ್ವಸ್ಥ. ಈ ಪಟ್ಟಿಯಲ್ಲಿ ಅತ್ಯಂತ ಕುತೂಹಲದ್ದು ‘ಚಂದ್ರಮುಖಿ’ಯ ತೆಲುಗು ಡಬ್ಬಿಂಗ್. ತೆಲುಗರಿಗೆ ತೆಲುಗಿನಿಂದಲೇ ಭಯ ಹುಟ್ಟಿಸಲಾಗದೆಂದು ಅಲ್ಲಿ ನರ್ತಕಿಯ ಹಾಡನ್ನು ತಮಿಳಿಗೆ ತಿರುಗಿಸಲಾಯಿತು. ಎರಡೂ ಭಾಷೆಗಳ ಚಿತ್ರ ನೋಡುವ ಆದೋನಿಯ ಪ್ರೇಕ್ಷಕನ ಪಾಲಿಗೆ ಒಂದರಲ್ಲಿ ಹುಚ್ಚಿನ ಗುರುತಾದ ನುಡಿಯೇ ಇನ್ನೊಂದರಲ್ಲಿ ಆರೋಗ್ಯದ ಗುರುತು. ಈ ಚಿತ್ರಗಳಲ್ಲೆಲ್ಲೂ ಕನ್ನಡವಾಡುವ ನರ್ತಕಿಯಿಲ್ಲ ಎಂಬುದನ್ನೂ ಗಮನಿಸಬಹುದು. ಅದು ಗೌರವವೋ ಅಲಕ್ಷ್ಯವೋ ಹೇಳುವುದು ಕಷ್ಟ.

ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಏಳು ಮೈಸೂರಿಗೆ ಸೇರಿದವು. ಇವೆರಡೂ ರಾಯದುರ್ಗವೂ ಆಂಧ್ರಕ್ಕೆ. ಹೆಚ್ಚು ಜನ ಆಡುವ ಭಾಷೆ ಯಾವುದೋ ನೆಲ ಅದರದ್ದು ಎಂಬುದು ಆ ವಿಂಗಡಣೆಯ ತರ್ಕ. ಒಂದು ಮೈಯಲ್ಲಿ ಎರಡು ಭಾಷೆ ಇರಲಾಗದು, ಒಂದು ನಿಜವಾದರೆ ಇನ್ನೊಂದು ಆವೇಶ ಎಂದು ನಂಬುವ ಚಿತ್ರಕ್ಕೂ ಈ ತರ್ಕಕ್ಕೂ ನೆಂಟಸ್ತಿಕೆಯಿದೆ. ಚಿತ್ರ ತಯಾರಿಸಿದವರಿಗೆ ಹೀಗೆಂಬ ಉದ್ದೇಶವಿತ್ತೆಂದಲ್ಲ. ಜನಪ್ರಿಯ ಸಿನಿಮಾ ತನಗೆ ಅರಿವಿಲ್ಲದ ನಂಬಿಕೆಗಳನ್ನೇ ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ.

ಇಷ್ಟಾಗಿಯೂ ‘ಆಪ್ತಮಿತ್ರ’ ಬಿಡದೆ ನೋಡಿಸಿಕೊಳ್ಳುವ ಚಿತ್ರ. ಅದಕ್ಕೆ ಕಾರಣ ಅದರ ವಿಚಿತ್ರ ಹಾಸ್ಯ. ವಿಷ್ಣುವರ್ಧನ್ ಅವರ ವೈದ್ಯ ಗಾಂಭೀರ್ಯದ ಮುಖ ಹೊತ್ತು ಬರುವುದಿಲ್ಲ; ತಮಾಷೆಗಾರನಾಗಿ ಮನೆಯೆಲ್ಲ ಸುಳಿಯುತ್ತಾನೆ. ಮನೆಯವರು ಅವನನ್ನು ಹಗುರವಾಗಿ ಕಂಡಷ್ಟೂ ಅವನ ಕಣ್ಣು ಎಲ್ಲರ ಮೇಲೂ ನಿರಾತಂಕವಾಗಿ ಆಡುತ್ತದೆ. ನಗೆಯೇ ಇಲ್ಲಿ ರೋಗಪರೀಕ್ಷೆಯ ಉಪಕರಣ. ಚಿತ್ರದ ನಿರ್ಮಾಪಕರೂ ಆದ ದ್ವಾರಕೀಶ್ ಅವರ ಅಂಜುಬುರುಕತನದ ದೃಶ್ಯಗಳು ಅಲ್ಲಲ್ಲಿ ಉದ್ದವಾದವು ನಿಜ. ಆದರೆ ಆ ನಗೆಯ ಮರೆಯಲ್ಲೇ ಸಂಶಯವು ಪ್ರೇಮಾ ಅಭಿನಯಿಸಿದ ಸೌಮ್ಯಳತ್ತ ತಿರುಗಿ, ನಿಜವಾದ ರೋಗಿ ಕಣ್ಣೆದುರೇ ಅಡಗಿರುತ್ತಾಳೆ. ಇನ್ನು ಕೊನೆಯ ಚಿಕಿತ್ಸೆಯಂತೂ ಅಪ್ಪಟ ಪ್ರಹಸನ. ವೈದ್ಯ ರಾಜನ ವೇಷ ತೊಡುತ್ತಾನೆ, ಅವಿನಾಶ್ ಅವರ ಆಚಾರ್ಯ ಪೂಜಾವಿಧಿಯ ಆವರಣ ಕಟ್ಟುತ್ತಾನೆ, ರಾಜನೆಂದು ನಂಬಿಸಿದ ಬೊಂಬೆಯ ಮೇಲೆ ನಾಗವಲ್ಲಿ ಸೇಡು ತೀರಿಸಿಕೊಳ್ಳುತ್ತಾಳೆ. ಒಬ್ಬಳೇ ಪ್ರೇಕ್ಷಕಿಗಾಗಿ ಮನೆಮಂದಿಯೆಲ್ಲ ಸೇರಿ ಆಡುವ ನಾಟಕ. ಅದು ನಾಟಕವೆಂದು ತಿಳಿಯದವಳು ಅವಳೊಬ್ಬಳೇ. ಅದರ ಕ್ರೌರ್ಯ ಆ ನಗೆಯಲ್ಲೇ ಇದೆ.

ಕನ್ನಡ ಸಿನಿಮಾ ಮನೋರೋಗಿಯನ್ನು ಇದಕ್ಕಿಂತ ಆಳವಾಗಿ ಕಂಡದ್ದುಂಟು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಪುಟ್ಟಣ್ಣ ಕಣಗಾಲ್ ಅವರ ‘ಶರಪಂಜರ’ (1971) ದಲ್ಲಿ ನಿಜವಾದ ಸಂಕಟ ತೊಡಗುವುದು ಕಾವೇರಿ ಗುಣವಾಗಿ ಮನೆಗೆ ಮರಳಿದ ಮೇಲೆ. ಅವರದೇ ‘ಮಾನಸ ಸರೋವರ’ (1982) ದಲ್ಲಿ ರೋಗಿ ಗುಣಮುಖಳಾಗಿ ವೈದ್ಯನೇ ಬುದ್ಧಿ ಕಳೆದುಕೊಳ್ಳುತ್ತಾನೆ. ಅವೆರಡಕ್ಕೂ ಚಿಕಿತ್ಸೆಯೆಂಬುದೇ ಒಂದು ಪ್ರಶ್ನೆ. ‘ಆಪ್ತಮಿತ್ರ’ಕ್ಕೆ ಅದು ತೆರೆ ಎಳೆಯುವ ಉಪಾಯ.

ಆದರೂ ಚಿತ್ರದ ಸಿದ್ಧಾಂತವನ್ನು ಅಲ್ಲಾಡಿಸುವ ಒಂದು ಶಕ್ತಿ ಅದರೊಳಗೇ ಇದೆ: ಸೌಂದರ್ಯ. ಕೋಲಾರ ಜಿಲ್ಲೆಯ ಮುಳಬಾಗಿಲಿನವರು, ಅಂದರೆ ಇನ್ನೊಂದು ಗಡಿಯವರು. ಕನ್ನಡದ ಈ ನಟಿಗೆ ದೊಡ್ಡ ಹೆಸರು ತಂದದ್ದು ತೆಲುಗು ಚಿತ್ರರಂಗ. ಗಂಗಾಳಾಗಿ ಅವರು ಒಳ್ಳೆಯ ನಟಿ. ನಾಗವಲ್ಲಿಯಾದಾಗ ಬೇರೆಯೇ ಎತ್ತರಕ್ಕೇರುತ್ತಾರೆ. ರೋಗವೆಂದು ಚಿತ್ರ ತೋರಿಸುವ ನುಡಿಯಲ್ಲೇ ಅವರ ದೇಹ ಪೂರ್ತಿ ಬಿಡುಗಡೆ ಪಡೆಯುತ್ತದೆ. ತೆಲುಗಿನ ನೃತ್ಯಗೀತೆಯಲ್ಲಿ ಅವರ ಕಣ್ಣು, ಕೊರಳು, ಹೆಜ್ಜೆ ಯಾವುದೂ ಅಸ್ವಸ್ಥವೆನಿಸುವುದಿಲ್ಲ. ಕರ್ನಾಟಕದ ಪ್ರೇಕ್ಷಕರು ನೆನಪಿನಲ್ಲಿಟ್ಟುಕೊಂಡದ್ದೂ ಗಂಗಾಳನ್ನಲ್ಲ, ನಾಗವಲ್ಲಿಯನ್ನು. 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ಸೌಂದರ್ಯ ತೀರಿಕೊಂಡರು. ಚಿತ್ರ ತೆರೆಕಂಡದ್ದು ಆಗಸ್ಟ್‌ನಲ್ಲಿ. ಸತ್ತ ನರ್ತಕಿಯೊಬ್ಬಳು ಮಾತಾಡುವ ಕಥೆಯನ್ನು ಜನ ಈ ಸುದ್ದಿಯ ನೆರಳಲ್ಲೇ ನೋಡಿದರು.

ಕೊನೆಗೆ ಗಂಗಾ ಎಚ್ಚರಗೊಳ್ಳುತ್ತಾಳೆ. ಗುಣವಾಯಿತೆಂಬುದಕ್ಕೆ ಸಾಕ್ಷಿ ಅವಳ ಕನ್ನಡ. ತನ್ನೊಳಗೆ ಅಷ್ಟು ಸೊಗಸಾಗಿ ಹರಿದ ತೆಲುಗು ಈಗಲೂ ಅವಳಿಗೆ ಬರುತ್ತದೆಯೇ ಎಂದು ವೈದ್ಯನಾಗಲಿ ಗಂಡನಾಗಲಿ ಕೇಳುವುದಿಲ್ಲ.