ಯೆಜ್ಡಿ ಬಿಚ್ಚುವವರು
ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಯ ಯೆಜ್ಡಿ ಬೈಕುಗಳು ಇಂದಿಗೂ ಓಡುತ್ತಿದ್ದರೆ, ಓಡದ ಯೆಜ್ಡಿಗಳನ್ನು ಬಿಡಿಭಾಗಕ್ಕಾಗಿ ಮನೆಯಂಗಳದಲ್ಲಿ ಬಿಚ್ಚಿ ಕೂರುವವರಿಗೂ ಅದರ ಪುಣ್ಯ ಸಲ್ಲಬೇಕು. ಗುಜರಿಯವನು ಸುತ್ತಿಗೆ ಎತ್ತುತ್ತಾನೆ. ಇವರು ತುಕ್ಕು ಹಿಡಿದ ನಟ್ಟಿಗೆ ಡೀಸೆಲ್ ಬಿಟ್ಟು ಬೆಳಗಿನವರೆಗೆ ಕಾಯುತ್ತಾರೆ. ಆತುರಪಟ್ಟರೆ ಬೋಲ್ಟ್ ಮುರಿಯುತ್ತದೆ, ಇಲ್ಲವೇ ಅಲ್ಯೂಮಿನಿಯಂ ಕೇಸಿನ ಥ್ರೆಡ್ಡೇ ಕಿತ್ತುಬರುತ್ತದೆ.

ನನಗೆ ಅಚ್ಚುಮೆಚ್ಚು ಎಡಬದಿಯ ಆ ಒಂಟಿ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಹಾಗೇ ಬಿಟ್ಟರೆ ಗೇರ್. ಕವರ್ ಕಳಚಿದಾಗಲೇ ಗೊತ್ತಾಗುವುದು, ಕಾಲು ಗೇರ್ ಒತ್ತುತ್ತಿದ್ದಂತೆ ಕ್ಲಚ್ ತಾನಾಗಿ ಬಿಡುವ ಗುಟ್ಟು. ಎಂಥ ತಲೆ ಓಡಿಸಿದ್ದಾರೆ! ಮಡ್‌ಗಾರ್ಡು, ಸೀಟು ಯಾರಿಗಾದರೂ ಕೊಡಬಹುದು ಬಿಡಿ. ಹಲ್ಲು ಸವೆಯದ ಗೇರ್ ಸಿಕ್ಕರೆ ಮಾತ್ರ ಒರೆಸಿ, ಗ್ರೀಸ್ ಸವರಿ, ಕಾಗದದಲ್ಲಿ ಸುತ್ತಿ ಅಟ್ಟಕ್ಕೇರಿಸುತ್ತಾರೆ. ಮಾರುವ ಮಾತೇ ಇಲ್ಲ.