ಶಿಕ್ಷೆಗೆ ಕೊನೆ ಎಲ್ಲಿದೆ?

ನಮ್ಮ ಸಾಹಿತ್ಯಲೋಕ ಕಾವ್ಯವನ್ನು ಮಾತ್ರ ವಿಮರ್ಶೆ ಮಾಡುತ್ತದೆ. ಕಾನೂನನ್ನು ವಕೀಲರಿಗೆ ಬಿಟ್ಟುಬಿಡುತ್ತದೆ. ಆದರೆ ಶೋಷಿತರ ಬದುಕನ್ನು ಕವಿತೆಗಿಂತ ಹೆಚ್ಚು ಬರೆದಿರೋದು ಕಾನೂನೇ. ಮನುಸ್ಮೃತಿಯೂ ಒಂದು ಕಾನೂನೇ ತಾನೆ? ಅಂಬೇಡ್ಕರ್ 1927ರಲ್ಲಿ ಮಹಾಡಿನಲ್ಲಿ ಅದಕ್ಕೆ ಬೆಂಕಿ ಹಚ್ಚಿಸಿದ್ದು ಅದನ್ನು ಓದದೆ ಅಲ್ಲ, ಸಾಲು ಸಾಲು ಓದಿಯೇ. ಆದ್ದರಿಂದ ಇಲ್ಲಿ ಒಂದು ಕಾನೂನನ್ನು ಸಾಲು ಹಿಡಿದು ಓದೋಣ. ಅದು ಅಮೆರಿಕದ್ದು. ಒಮ್ಮೆ ಅಪರಾಧಿ ಎನಿಸಿಕೊಂಡವನು ಬಂದೂಕು ಮುಟ್ಟುವಂತಿಲ್ಲ, ಅದನ್ನು ಹಿಡಿದು ಬೇಟೆಗೆ ಹೋಗುವಂತಿಲ್ಲ ಎನ್ನುವ ಕಾನೂನು. ಕಳೆದುಕೊಂಡ ಹಕ್ಕನ್ನು ಮರಳಿ ಪಡೆಯುವ ದಾರಿಯ ಕಾನೂನು.

ನಮಗೂ ಅದಕ್ಕೂ ಏನು ಸಂಬಂಧ ಅಂತ ಕೇಳುವವರು ಇರಬಹುದು. 1972ರಲ್ಲಿ ಮುಂಬೈಯ ದಲಿತ ತರುಣರು ತಮ್ಮ ಸಂಘಟನೆಗೆ ಪ್ಯಾಂಥರ್ಸ್ ಅಂತ ಹೆಸರಿಟ್ಟಾಗಲೇ ಆ ಸಂಬಂಧ ಶುರುವಾಯಿತು. ಆ ಹೆಸರು ಬಂದದ್ದು ಕ್ಯಾಲಿಫೋರ್ನಿಯಾದ ಕರಿಯರ ಚಳವಳಿಯಿಂದ. ಪೊಲೀಸರ ದೌರ್ಜನ್ಯವನ್ನು ಕಾಯುತ್ತ ಕರಿಯ ಯುವಕರು ತುಂಬಿದ ಬಂದೂಕು ಹಿಡಿದು ಬೀದಿಗಿಳಿದರು. ಅಂದಿನ ಕಾನೂನಿನಲ್ಲಿ ಅದು ಅಪರಾಧವಾಗಿರಲಿಲ್ಲ. 1967ರಲ್ಲಿ ಅಲ್ಲಿನ ಶಾಸನಸಭೆ ಅವಸರವಸರವಾಗಿ ಕಾಯ್ದೆ ಮಾಡಿ ಅದನ್ನು ಅಪರಾಧವಾಗಿಸಿತು. ಸಹಿ ಹಾಕಿದವನು ಗವರ್ನರ್ ರೊನಾಲ್ಡ್ ರೇಗನ್. ಬಿಳಿಯನ ಕೈಯಲ್ಲಿದ್ದಾಗ ಹಕ್ಕು, ಕರಿಯನ ಕೈಗೆ ಬಂದಾಗ ಅಪಾಯ! ಈ ವ್ಯಾಕರಣ ಹೊಲಗೇರಿಯಲ್ಲಿ ಹುಟ್ಟಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಾರನೇ ವರ್ಷ, 1968ರಲ್ಲಿ, ಇಡೀ ದೇಶಕ್ಕೆ ಬಂದೂಕು ನಿಯಂತ್ರಣ ಕಾಯ್ದೆ ಬಂತು. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಕ್ಕಿ ಕೊಂದ ವರ್ಷ ಅದು. ಇದೇ ಕಿಂಗ್ 1956ರಲ್ಲಿ, ತಮ್ಮ ಮನೆಗೆ ಬಾಂಬು ಬಿದ್ದ ಮೇಲೆ, ಬಂದೂಕಿನ ಪರವಾನಗಿ ಕೇಳಿದ್ದರು. ಅಲಬಾಮಾದ ಅಧಿಕಾರಿಗಳು ಕೊಟ್ಟಿರಲಿಲ್ಲ. ಹೊಸ ಕಾಯ್ದೆಯ ತಿರುಳು ಇಷ್ಟು: ಕೆಲವು ವಿನಾಯಿತಿ ಬಿಟ್ಟರೆ, ಒಂದು ವರ್ಷಕ್ಕಿಂತ ಹೆಚ್ಚು ಸಜೆ ವಿಧಿಸಬಹುದಾದ ಯಾವ ಅಪರಾಧದಲ್ಲಿ ಸಿಕ್ಕಿಬಿದ್ದರೂ ಬಂದೂಕಿನ ಹಕ್ಕು ಜೀವನಪರ್ಯಂತ ಹೋಯಿತು. ಗಮನಿಸಬೇಕು, 'ವಿಧಿಸಿದ' ಸಜೆ ಅಲ್ಲ, 'ವಿಧಿಸಬಹುದಾದ' ಸಜೆ. ಒಂದು ದಿನವೂ ಜೈಲು ನೋಡದವನೂ ಇದರೊಳಗೆ ಬಿದ್ದ.

ಪೆನ್ಸಿಲ್ವೇನಿಯಾದ ಒಬ್ಬ ಕೂಲಿಯವನ ಮೊಕದ್ದಮೆ ನೋಡಿ. ವಾರಕ್ಕೆ ಸುಮಾರು 300 ಡಾಲರ್ ದುಡಿಮೆ, ಮೂರು ಮಕ್ಕಳು. ಸರ್ಕಾರದ ಆಹಾರ ಕೂಪನ್ನಿಗೆ ಅರ್ಜಿ ಹಾಕಿದಾಗ ವರಮಾನ ಕಡಿಮೆ ತೋರಿಸಿ 2,458 ಡಾಲರಿನಷ್ಟು ಕೂಪನ್ ಪಡೆದ ಅಂತ 1995ರಲ್ಲಿ ಅಪರಾಧಿಯಾದ. ಹಣ ವಾಪಸು ಕಟ್ಟಿದ. ಜೈಲಿಲ್ಲದೆ ಮೂರು ವರ್ಷ ನಿಗಾವಣೆಯಲ್ಲಿದ್ದ. ನಮ್ಮಲ್ಲಿ ಬಿಪಿಎಲ್ ಕಾರ್ಡಿನ ಗೋಳು ಕಂಡವರಿಗೆ ಇದೇನು ಹೊಸದಲ್ಲ. ಆದರೆ ಆ ಅಪರಾಧಕ್ಕೆ ಐದು ವರ್ಷದ ತನಕ ಸಜೆ ವಿಧಿಸಬಹುದಿತ್ತು. ಅಷ್ಟಕ್ಕೇ ಜಿಂಕೆ ಬೇಟೆಯ ಬಂದೂಕು ಕೈತಪ್ಪಿತು. ಮೇಲಿನ ಕೋರ್ಟು ಅವನ ಪರ ತೀರ್ಪು ಕೊಟ್ಟದ್ದು 2023ರಲ್ಲಿ. ಮತ್ತೆ ವಿಚಾರಣೆ ನಡೆದು ಅದನ್ನೇ ಹೇಳಿದ್ದು 2024ರ ಡಿಸೆಂಬರಿನಲ್ಲಿ. ಹೊಟ್ಟೆಗಾಗಿ ಹೇಳಿದ ಒಂದು ಸುಳ್ಳಿಗೆ ಸುಮಾರು ಮೂವತ್ತು ವರ್ಷ!

ಬೇಟೆ ಅಂದರೆ ಶ್ರೀಮಂತರ ಮೋಜು ಅಂತ ತಿಳಿಯೋದು ಪೇಟೆಯವರ ಕಣ್ಣು. ಹಳ್ಳಿಯ ಬಡವನಿಗೆ ಬೇಟೆ ಅಂದರೆ ಅನ್ನ. ಗುಲಾಮಗಿರಿ ಹೋದಾಗ ದಕ್ಷಿಣದ ಕರಿಯರ ಹತ್ತಿರ ಭೂಮಿ ಇರಲಿಲ್ಲ. ಕಾಡು, ಹೊಳೆ, ಒಂದು ಹಳೇ ಕೋವಿ ಇದ್ದರೆ ಧಣಿಯ ಹೊಲಕ್ಕೆ ಹೋಗದೆಯೂ ನಾಲ್ಕು ದಿನ ಮಕ್ಕಳ ಹೊಟ್ಟೆ ತುಂಬುತ್ತಿತ್ತು. ಧಣಿಗಳಿಗೆ ಇದು ಗೊತ್ತಿತ್ತು. ಮಿಸಿಸಿಪ್ಪಿ ರಾಜ್ಯ 1865ರಲ್ಲೇ ಕಾನೂನು ಮಾಡಿ, ಬಿಡುಗಡೆಯಾದ ಕರಿಯರು ಪರವಾನಗಿ ಇಲ್ಲದೆ ಬಂದೂಕು, ಮದ್ದು, ಕಠಾರಿ ಇಟ್ಟುಕೊಳ್ಳುವಂತಿಲ್ಲ ಎಂದಿತು. 1876ರಲ್ಲಿ ಅದೇ ರಾಜ್ಯ 'ಹಂದಿ ಕಾನೂನು' ತಂದಿತು. ಒಂದು ಹಂದಿ ಕದ್ದರೂ ಐದು ವರ್ಷದ ತನಕ ಸಜೆ. ಸಜೆಯಾದವನನ್ನು ಸರ್ಕಾರವೇ ತೋಟದ ಮಾಲೀಕರಿಗೆ ಬಾಡಿಗೆಗೆ ಕೊಡುತ್ತಿತ್ತು. ಮೊದಲು ಕೋವಿ ಕಿತ್ತುಕೊಂಡರು, ಆಮೇಲೆ ಹಸಿದವನನ್ನು ಕಳ್ಳನೆಂದರು, ಆಮೇಲೆ ಕಳ್ಳನನ್ನು ಜೀತಕ್ಕೆ ಹಚ್ಚಿದರು. ಜೀತ ಅನ್ನೋ ಪದಕ್ಕೆ ಇಂಗ್ಲಿಷಿನಲ್ಲಿ ಬೇರೆ ಅರ್ಥವೇನಿಲ್ಲ.

ಈ ಚರಿತ್ರೆಯ ಲೆಕ್ಕ ಇಂದಿಗೂ ಚುಕ್ತಾ ಆಗಿಲ್ಲ. 2010ರ ಸ್ಥಿತಿ ಕುರಿತು ಸಮಾಜಶಾಸ್ತ್ರಜ್ಞರು ಮಾಡಿದ ಅಂದಾಜಿನಂತೆ ಅಮೆರಿಕದ ವಯಸ್ಕರಲ್ಲಿ ನೂರಕ್ಕೆ 8 ಮಂದಿಗೆ ಘೋರ ಅಪರಾಧದ ದಾಖಲೆ ಇತ್ತು. ಕರಿಯ ಗಂಡಸರಲ್ಲಿ ನೂರಕ್ಕೆ 33. ಮೂವರಲ್ಲಿ ಒಬ್ಬ. ಕಾನೂನಿನ ಸಾಲಿನಲ್ಲಿ 'ಕರಿಯ' ಎಂಬ ಪದ ಈಗ ಇಲ್ಲ. ಇರಬೇಕಾದ ಅಗತ್ಯವೂ ಇಲ್ಲ.

ಹಾಗಾದರೆ ಹಕ್ಕು ಮರಳಿ ಪಡೆಯುವ ಬಾಗಿಲು ಇಲ್ಲವೇ? ಇದೆ. ಅದನ್ನು ಮಾಡಿಸಿದ್ದು ಯಾರಿಗಾಗಿ ಅನ್ನೋದೇ ಈ ಪಠ್ಯದ ಅತ್ಯಂತ ಮುಖ್ಯ ಸಾಲು. 1965ರಲ್ಲಿ ವಿಂಚೆಸ್ಟರ್ ಬಂದೂಕುಗಳ ಒಡೆತನದ ಕಂಪನಿ ಒಂದು ಲಂಚದ ಸಂಚಿನಲ್ಲಿ ತಪ್ಪೊಪ್ಪಿಕೊಂಡಿತು. ಅಪರಾಧಿ ಬಂದೂಕು ಸಾಗಿಸುವಂತಿಲ್ಲ ಎಂಬ ಅಂದಿನ ನಿಯಮದಂತೆ ಕಂಪನಿಯ ವ್ಯಾಪಾರವೇ ನಿಲ್ಲಬೇಕಿತ್ತು. ಆಗ ಅಮೆರಿಕದ ಕಾಂಗ್ರೆಸ್ 'ವಿಮೋಚನೆ'ಯ ದಾರಿ ತೆರೆಯಿತು. ಮೊದಲು ಪಾಪ ತೊಳೆದುಕೊಂಡದ್ದು ಮನುಷ್ಯನಲ್ಲ, ಬಂಡವಾಳ.

ಆಮೇಲೆ ಸಾಮಾನ್ಯರೂ ಅರ್ಜಿ ಹಾಕತೊಡಗಿದರು. 1992ರಲ್ಲಿ ಕಾಂಗ್ರೆಸ್ ಅರ್ಜಿಗಳ ಪರಿಶೀಲನೆಗೆ ಹಣ ಕೊಡುವುದನ್ನೇ ನಿಲ್ಲಿಸಿತು. ಕಾನೂನು ಪುಸ್ತಕದಲ್ಲೇ ಇತ್ತು, ಅರ್ಜಿ ನೋಡುವ ಗುಮಾಸ್ತನಿಗೆ ಸಂಬಳ ಇಲ್ಲ! ಮುಂದೆ ಕಂಪನಿಗಳ ಅರ್ಜಿಗೆ ಮಾತ್ರ ಹಣ ಬಳಸಬಹುದು ಎಂದು ಸೇರಿಸಿದರು. ಟೆಕ್ಸಾಸಿನ ಒಬ್ಬ ವ್ಯಾಪಾರಿ ಕೋರ್ಟಿಗೆ ಹೋದಾಗ ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದ್ದು: ಇಲಾಖೆ ಅರ್ಜಿಯನ್ನು ತಿರಸ್ಕರಿಸಿಯೇ ಇಲ್ಲ, ಹಾಗಾಗಿ ಕೋರ್ಟು ಮಧ್ಯೆ ಬರುವಂತಿಲ್ಲ. ತಾಲ್ಲೂಕು ಕಚೇರಿಯಲ್ಲಿ ಹೌದು ಅನ್ನದೆ, ಇಲ್ಲ ಅನ್ನದೆ ವರ್ಷಗಟ್ಟಲೆ ಕೂತ ಫೈಲಿನ ತತ್ವಶಾಸ್ತ್ರ ಇದೇ.

2025ರ ಮಾರ್ಚಿನಲ್ಲಿ ಈ ಅಧಿಕಾರವನ್ನು ಅಟಾರ್ನಿ ಜನರಲ್ ಕೈಗೆ ತಂದು ಬಾಗಿಲನ್ನು ಮತ್ತೆ ತೆರೆದರು. ಏಪ್ರಿಲಿನಲ್ಲಿ ಹಕ್ಕು ಮರಳಿ ಪಡೆದ ಹತ್ತು ಮಂದಿಯಲ್ಲಿ ಹಾಲಿವುಡ್ ನಟ ಮೆಲ್ ಗಿಬ್ಸನ್ ಒಬ್ಬ. 2011ರಲ್ಲಿ ಮಾಜಿ ಗೆಳತಿಯ ಮೇಲಿನ ಹಲ್ಲೆಯ ಮೊಕದ್ದಮೆಯಲ್ಲಿ ಶಿಕ್ಷೆಯಾದವನು. ಶಿಫಾರಸು ಮಾಡಲು ಒಪ್ಪದ್ದಕ್ಕೆ ತನ್ನನ್ನು ಕೆಲಸದಿಂದ ತೆಗೆದರು ಎಂದು ಕ್ಷಮಾದಾನ ವಿಭಾಗದ ಮುಖ್ಯಸ್ಥೆ ಎಲಿಜಬೆತ್ ಓಯರ್ ಹೇಳಿದರು, ಇಲಾಖೆ ಅಲ್ಲಗಳೆಯಿತು. ಅವರವರ ಜಗಳ ಏನೇ ಇರಲಿ, ನಮ್ಮ ಪ್ರಶ್ನೆ ಒಂದೇ: ಹೊಡೆತ ತಿಂದ ಹೆಣ್ಣಿನ ಮಾತನ್ನು ಈ ಬಾಗಿಲಲ್ಲಿ ಯಾರು ಕೇಳುತ್ತಾರೆ? ಹೆಂಡತಿಯನ್ನು ಬಡಿದವನ ಕೈಗೆ ಬಂದೂಕು ಬೇಡ ಅಂತ 1996ರಲ್ಲಿ ಮಾಡಿದ ತಿದ್ದುಪಡಿ ನ್ಯಾಯವಾದದ್ದು. ಅಪಾಯ ಬೇರೆ, ಕಳಂಕ ಬೇರೆ. ಕೂಪನ್ನಿಗೆ ಸುಳ್ಳು ಹೇಳಿದವನನ್ನೂ ಹೆಣ್ಣಿನ ಮೇಲೆ ಕೈ ಮಾಡಿದವನನ್ನೂ ಒಂದೇ ಹಗ್ಗದಲ್ಲಿ ಕಟ್ಟಿ, ಆಮೇಲೆ ಪ್ರಭಾವ ಇದ್ದವನ ಗಂಟನ್ನು ಮಾತ್ರ ಬಿಚ್ಚುವ ಕಾನೂನು ಯಾರನ್ನೂ ಕಾಯುವುದಿಲ್ಲ.

ಫ್ಲೋರಿಡಾ ರಾಜ್ಯ 2024ರಲ್ಲಿ ಬೇಟೆ ಮತ್ತು ಮೀನುಗಾರಿಕೆಯನ್ನು ತನ್ನ ಸಂವಿಧಾನದಲ್ಲೇ ಹಕ್ಕು ಎಂದು ಬರೆದುಕೊಂಡಿತು. ಅದೇ ರಾಜ್ಯದಲ್ಲಿ ಶಿಕ್ಷೆ ಮುಗಿಸಿದವನು ಬಂದೂಕಿಗಾಗಿ ಎಂಟು ವರ್ಷ ಕಾದು, ಗವರ್ನರ್ ಮುಂದೆ ಕ್ಷಮೆ ಬೇಡಬೇಕು. ಒಬ್ಬರಿಗೆ ಹಕ್ಕು, ಇನ್ನೊಬ್ಬರಿಗೆ ದಯೆ. ಬಿಲ್ಲು ಬಾಣ ದೇಶದ ಕಾಯ್ದೆಯ ಲೆಕ್ಕದಲ್ಲಿ ಬಂದೂಕಲ್ಲ, ಹಾಗಾಗಿ ಎಷ್ಟೋ ಜನ ಅದನ್ನು ಹಿಡಿದು ಕಾಡಿಗೆ ಹೋಗುತ್ತಾರೆ. ಏಕಲವ್ಯನ ಬೆರಳು ಕೇಳಿದವರೂ ಬಿಲ್ಲನ್ನು ಮಾತ್ರ ಅವನಿಗೇ ಬಿಟ್ಟಿದ್ದರು.

ಈಗ ನಮ್ಮ ಕಡೆ ತಿರುಗೋಣ. 1959ರ ಭಾರತದ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಹಿಂಸೆ ಅಥವಾ ನೀತಿಗೇಡಿನ ಅಪರಾಧಕ್ಕೆ ಸಜೆಯಾದವನ ಮೇಲಿನ ನಿಷೇಧ ಸಜೆ ಮುಗಿದ ಐದು ವರ್ಷಕ್ಕೆ ಮುಗಿಯುತ್ತದೆ. ಕಾಗದದ ಮೇಲೆ ನಾವೇ ವಾಸಿ. ಆದರೆ ಬ್ರಿಟಿಷರು 1861ರಲ್ಲಿ ಕೊಡವ ಕುಲದವರಿಗೂ ಜಮ್ಮಾ ಭೂಮಿಯವರಿಗೂ ಕೊಟ್ಟ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದ್ದಾರೆ. ಅದೇ ಬ್ರಿಟಿಷರು 1871ರಲ್ಲಿ ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದರು. ಒಬ್ಬನಿಗೆ ಹುಟ್ಟಿನಿಂದ ಕೋವಿ, ಇನ್ನೊಬ್ಬನಿಗೆ ಹುಟ್ಟಿನಿಂದ ಠಾಣೆಯ ಹಾಜರಿ. 1952ರಲ್ಲಿ ಆ ಕಾಯ್ದೆ ರದ್ದಾಯಿತು. 1961ರಲ್ಲಿ ನಮ್ಮ ರಾಜ್ಯವೇ 'ರೂಢಿಗತ ಅಪರಾಧಿ'ಗಳ ಕಾಯ್ದೆ ತಂದಿತು. ಪದ ಬದಲಾಯಿತು, ಪೊಲೀಸರ ಕಣ್ಣು ಬದಲಾಗಲಿಲ್ಲ.

ಪದ್ಯ ಬರೆಯುವವರಿಗೆ ಬಂದೂಕು ಸಲೀಸಾದ ಪ್ರತಿಮೆ. ಬದುಕಿನಲ್ಲಿ ಅದು ಸಲೀಸಲ್ಲ. ಅದರ ನಳಿಗೆ ಹೆಚ್ಚಾಗಿ ಬಡವನ ಕಡೆಗೇ ತಿರುಗಿದೆ. ಆದ್ದರಿಂದ ಎಲ್ಲರಿಗೂ ಬಂದೂಕು ಕೊಡಿ ಅನ್ನೋದು ನಮ್ಮ ಬೇಡಿಕೆ ಆಗಲಾರದು. ನಮ್ಮ ಬೇಡಿಕೆ ಶಿಕ್ಷೆಗೆ ಒಂದು ಕೊನೆಯ ದಿನಾಂಕ ಬೇಕು ಎನ್ನುವುದು. ಆ ದಿನದ ನಂತರವೂ ನಿಷೇಧ ಬೇಕಾದರೆ, ಇವನು ಅಪಾಯ ಅಂತ ಸರ್ಕಾರವೇ ಬಹಿರಂಗ ವಿಚಾರಣೆಯಲ್ಲಿ, ನೊಂದವರನ್ನೂ ಕೂರಿಸಿಕೊಂಡು, ಸಾಬೀತು ಮಾಡಲಿ. ತಾನು ಶುದ್ಧ ಅಂತ ಸಾಯೋತನಕ ಸಾಬೀತು ಮಾಡುತ್ತಲೇ ಇರಬೇಕಾದ ಸ್ಥಿತಿಗೆ ನಮ್ಮ ಭಾಷೆಯಲ್ಲಿ ಮೊದಲೇ ಒಂದು ಹೆಸರಿದೆ. ಅದು ಜಾತಿ.