ಮೂಲಕೃತಿಯೂ ಅಭಿಮಾನಿಗಳ ಅನುಬಂಧವೂ

ಅಮೆರಿಕದ ಫಾಸಾ ಸಂಸ್ಥೆ 1989ರಲ್ಲಿ ಪ್ರಕಟಿಸಿದ 'ಷ್ಯಾಡೋರನ್', ಮೇಜಿನ ಸುತ್ತ ಕುಳಿತು ಪಾತ್ರವಹಿಸಿ, ದಾಳಗಳನ್ನುರುಳಿಸಿ ಆಡುವ ಕಥನಕ್ರೀಡೆ. ಗಣಕಯಂತ್ರವೂ ಮಂತ್ರವಿದ್ಯೆಯೂ ಒಟ್ಟಿಗೆ ಆಳುವ ಭವಿಷ್ಯದ ಸಿಯಾಟಲ್ ನಗರ ಇದರ ಮುಖ್ಯ ರಂಗಭೂಮಿ. ಅಲ್ಲಿ ಸರ್ಕಾರಗಳಿಗಿಂತ ವಾಣಿಜ್ಯಸಂಸ್ಥೆಗಳೇ ಬಲಿಷ್ಠ.

ಇದರ ಅನೇಕ ಆಕರಗ್ರಂಥಗಳ ರಚನೆ ಗಮನಾರ್ಹವಾದುದು. ಗ್ರಂಥವೇ ಕಥಾಲೋಕದೊಳಗಿನ ಒಂದು ದಾಖಲೆ. ಆ ಲೋಕದ ಪಾತ್ರಗಳೇ ನಡುನಡುವೆ ಟಿಪ್ಪಣಿ ಬರೆದು ಅದನ್ನು ಖಂಡಿಸುತ್ತವೆ, ತಿದ್ದುತ್ತವೆ. ಮೂಲವೇ ಹೀಗೆ ಟೀಕೆಗೆ ಎಡೆಗೊಟ್ಟಿರುವಾಗ ಆಟಗಾರರು ಸುಮ್ಮನಿರುವುದೆಂತು? 1990ರ ದಶಕದಲ್ಲೇ ಅವರು 'ನಿಯೋ-ಅನಾರ್ಕಿಸ್ಟ್ಸ್ ಗೈಡ್ ಟು ಎವೆರಿಥಿಂಗ್ ಎಲ್ಸ್' ಎಂಬ ಅನುಬಂಧಮಾಲೆಯನ್ನು ತಾವೇ ರಚಿಸಿ ಹಂಚಿದರು. ಸಂಸ್ಥೆಯ ಗ್ರಂಥಗಳ ಹೆಸರನ್ನೇ ಅನುಕರಿಸಿದ ಈ ಶೀರ್ಷಿಕೆಯಲ್ಲಿ, ಸಂಸ್ಥೆ ಬಿಟ್ಟುದೆಲ್ಲ ತಮ್ಮದೆಂಬ ವಿನೋದವಿದೆ.

ಆಯುಧಗಳ, ಮಂತ್ರಗಳ ಪಟ್ಟಿಯನ್ನು ಬೆಳೆಸುವ ಅನುಬಂಧಗಳು ಒಂದು ಬಗೆ. ಅವು ಮೂಲವನ್ನು ಹಿಗ್ಗಿಸುತ್ತವೆಯೇ ಹೊರತು ಆಳಗೊಳಿಸುವುದಿಲ್ಲ. ಮೂಲವು ಹೆಸರಿಸಿ ಬಿಟ್ಟ ಊರಿಗೆ ಬೀದಿಗಳನ್ನೂ ಹಸಿವನ್ನೂ ಒಡೆಯರನ್ನೂ ಕೊಡುವವು ಇನ್ನೊಂದು ಬಗೆ. ವಿಮರ್ಶೆಗೆ ಅರ್ಹವಾದವು ಇವೇ.

2001ರಲ್ಲಿ ಫಾಸಾ ತನ್ನ ವ್ಯವಹಾರವನ್ನು ನಿಲ್ಲಿಸಿತು. ಆಟದ ಪ್ರಕಟಣೆ ಅನ್ಯರ ಪಾಲಾಯಿತು. ಕಾನೂನಿನ ಒಡೆತನ ಯಾರದೇ ಇರಲಿ, ಆಟಕ್ಕೆ ಜೀವ ಬರುವುದು ಆಡುವವರಿಂದ. ಕೂಲಿಯಿಲ್ಲದೆ ದುಡಿದವರ ಬರಹಗಳನ್ನು ಕಾಪಾಡದಿದ್ದರೆ ಈ ಪ್ರಕಾರದ ಚರಿತ್ರೆ ಬರಿಯ ಮಾರಾಟದ ಪಟ್ಟಿಯಾಗಿ ಉಳಿದೀತು.